ಫಾರಸಿ ಸಣ್ಣಕತೆಗಳಲ್ಲಿ ಇರಾನನ್ನು ಎಲ್ಲಿ ಹುಡುಕಬೇಕು?

ಓದುಗರ ಪ್ರಶ್ನೆ: ಆಧುನಿಕ ಫಾರಸಿ ಸಣ್ಣಕತೆಗಳ ಎರಡು ಇಂಗ್ಲಿಷ್ ಸಂಕಲನಗಳನ್ನು ಇತ್ತೀಚೆಗೆ ಓದಿ ಮುಗಿಸಿದೆ. ಬಹುಪಾಲು ಕತೆಗಳಲ್ಲಿ ಸಾವು, ಸೆರೆಮನೆ, ಬಡತನ, ಕುರುಡು ನಂಬಿಕೆ, ದಿಕ್ಕಿಲ್ಲದ ಹೆಂಗಸರು ಮತ್ತು ಮಕ್ಕಳೇ ತುಂಬಿದ್ದಾರೆ. ಇರಾನಿನ ಸಮಾಜ ನಿಜವಾಗಿಯೂ ಇಷ್ಟು ಕತ್ತಲೆಯದೇ? ಅನುವಾದದಲ್ಲಿ ಓದುವ ನಮ್ಮಂಥವರು ಈ ಕತೆಗಳನ್ನು ಆ ಸಮಾಜದ ಚಿತ್ರವೆಂದು ಎಷ್ಟರಮಟ್ಟಿಗೆ ನಂಬಬಹುದು? ಕೆಲವನ್ನು ಕನ್ನಡಕ್ಕೆ ತರುವ ಆಸೆಯೂ ಇದೆ. ಎಲ್ಲಿಂದ ಆರಂಭಿಸಲಿ?

ಉತ್ತರ: ನಂಬಬಹುದು, ಆದರೆ ಕತೆಯೊಳಗಿನ ಯಾವುದನ್ನು ನಂಬಬೇಕೆಂಬುದನ್ನು ಮೊದಲು ಗೊತ್ತುಮಾಡಿಕೊಳ್ಳಬೇಕು. ಘಟನೆಗಳನ್ನಷ್ಟೇ ಕೂಡಿಹಾಕಿ ‘ಇರಾನಿನಲ್ಲಿ ಹೀಗೆಲ್ಲ ನಡೆಯುತ್ತದೆ’ ಎಂದು ತೀರ್ಮಾನಕ್ಕೆ ಬಂದರೆ, ನಮ್ಮ ನವ್ಯ ಕತೆಗಳನ್ನು ಮಾತ್ರ ಓದಿದ ಹೊರದೇಶದವರೊಬ್ಬರು ಕರ್ನಾಟಕದ ಮನೆಗಳಲ್ಲಿ ನಗುವವರೇ ಇಲ್ಲವೆಂದು ತಿಳಿದುಕೊಂಡಂತಾಗುತ್ತದೆ. ಈ ಕತೆಗಳಲ್ಲಿ ಸಮಾಜದ ಅತ್ಯಂತ ನಂಬಲರ್ಹ ದಾಖಲೆ ಇರುವುದು ಮಾತಿನಲ್ಲಿ, ಅಂದರೆ ಯಾರು ಯಾರನ್ನು ಏನೆಂದು ಕರೆಯುತ್ತಾರೆ, ಯಾರ ಮುಂದೆ ಯಾರ ದನಿ ತಗ್ಗುತ್ತದೆ, ಯಾವ ಮಾತನ್ನು ಅರ್ಧಕ್ಕೇ ನುಂಗಿಕೊಳ್ಳುತ್ತಾರೆ ಎಂಬುದರಲ್ಲಿ ಎಂದು ನಾನು ತಿಳಿದಿದ್ದೇನೆ. ಇಂಗ್ಲಿಷಿಗೆ ಹೋದಾಗ ಮೊದಲು ಅಳಿಸಿಹೋಗುವುದೂ ಅದೇ. ನೀವು ಕಂಡ ಕತ್ತಲೆಯಲ್ಲಿ ಒಂದು ಪಾಲು ನಿಜವಾದದ್ದು, ಇನ್ನೊಂದು ಪಾಲು ಕತೆಗಳನ್ನು ಆಯ್ದವರಿಂದ ಬಂದದ್ದು, ಮತ್ತೊಂದು ಪಾಲು ಈ ದನಿಯ ಅಳಿವಿನಿಂದ ಬಂದದ್ದು.

ಆಧುನಿಕ ಫಾರಸಿ ಸಣ್ಣಕತೆ ಹುಟ್ಟಿದ್ದೇ ಮಾತಿನ ಪ್ರಶ್ನೆಯೊಂದರಿಂದ. ಮೊಹಮ್ಮದ್ ಅಲಿ ಜಮಾಲ್‌ಜಾದೆಯವರ ‘ಯೆಕಿ ಬೂದ್ ಯೆಕಿ ನಬೂದ್’ ಎಂಬ ಸಂಕಲನ 1921ರಲ್ಲಿ ಬರ್ಲಿನ್‌ನಲ್ಲಿ ಪ್ರಕಟವಾಯಿತು. ಅದಕ್ಕೆ ಒಂದು ವರ್ಷ ಮೊದಲು ನಮ್ಮಲ್ಲಿ ಮಾಸ್ತಿಯವರ ‘ಕೆಲವು ಸಣ್ಣ ಕಥೆಗಳು’ ಬಂದಿತ್ತು. ‘ಒಬ್ಬನಿದ್ದ, ಒಬ್ಬನಿರಲಿಲ್ಲ’ ಎಂಬ ಅರ್ಥದ ಆ ಹೆಸರು ಇರಾನಿನ ಅಜ್ಜಿಯರು ಕತೆಗಳನ್ನು ಆರಂಭಿಸುವ ಸಾಲು, ನಮ್ಮ ‘ಒಂದಾನೊಂದು ಊರಿನಲ್ಲಿ’ ಇದ್ದಂತೆ. ಅದರ ಮುನ್ನುಡಿಯಲ್ಲಿ ಜಮಾಲ್‌ಜಾದೆ, ಇರಾನಿನ ಬರಹಗಾರರು ವಿದ್ವಾಂಸರಿಗಾಗಿ ಮಾತ್ರ ಬರೆಯುತ್ತ ಸಾಮಾನ್ಯರನ್ನು ಮರೆತಿದ್ದಾರೆಂದು ನೊಂದು, ಸಾಹಿತ್ಯದಲ್ಲೂ ಪ್ರಜಾಪ್ರಭುತ್ವ ಬರಬೇಕೆಂದು ವಾದಿಸಿದರು. ಅವರ ತಂದೆ 1906ರ ಸಂವಿಧಾನ ಚಳವಳಿಯ ಹೆಸರಾಂತ ಪ್ರವಚನಕಾರರಾಗಿದ್ದು, 1908ರಲ್ಲಿ ದೊರೆಯ ಕಡೆಯವರ ಕೈಯಲ್ಲಿ ಪ್ರಾಣ ಕಳೆದುಕೊಂಡಿದ್ದರು. ಬೀದಿಯ ಜನರಿಗೆ ಅರ್ಥವಾಗುವಂತೆ ಮಾತನಾಡುವುದು ಆ ಮನೆತನದಲ್ಲಿ ಜೀವನ್ಮರಣದ ವಿಷಯವಾಗಿತ್ತು.

ಆ ಸಂಕಲನದ ಮೊದಲ ಕತೆ ‘ಫಾರಸಿ ಸಕ್ಕರೆ’. ಯುರೋಪಿನಿಂದ ಮರಳಿದ ನಿರೂಪಕನನ್ನು ಕ್ಯಾಸ್ಪಿಯನ್ ತೀರದ ಅಂಜಲಿ ಬಂದರಿನಲ್ಲಿ ಹಿಡಿದು ಕತ್ತಲ ಕೋಣೆಯೊಂದಕ್ಕೆ ತಳ್ಳುತ್ತಾರೆ. ಒಳಗೆ ಇಬ್ಬರು ಮೊದಲೇ ಇದ್ದಾರೆ. ಒಬ್ಬರು ವಾಕ್ಯಕ್ಕೆ ನಾಲ್ಕು ಅರಬ್ಬಿ ಪದ ಸುರಿಯುವ ಶೇಖ್, ಇನ್ನೊಬ್ಬ ಫ್ರೆಂಚ್ ಬೆರೆಸದೆ ಬಾಯಿ ತೆರೆಯದ ನವನಾಗರಿಕ. ಬಳಿಕ ನಮ್ದೆಯ ಟೋಪಿ ತೊಟ್ಟ ರಮಜಾನ್ ಎಂಬ ಬಡ ಹುಡುಗನನ್ನು ಅಲ್ಲಿಗೇ ನೂಕುತ್ತಾರೆ. ತನ್ನನ್ನೇಕೆ ಹಿಡಿದರೆಂದು ತಿಳಿಯದೆ ಕಂಗೆಟ್ಟ ಆತ ಮೊದಲು ಶೇಖ್‌ರನ್ನು, ಆಮೇಲೆ ಆ ನಾಗರಿಕನನ್ನು ಕೇಳುತ್ತಾನೆ. ಇಬ್ಬರೂ ಉತ್ತರಿಸುತ್ತಾರೆ, ಇಬ್ಬರ ಉತ್ತರವೂ ಅವನಿಗೆ ತಿಳಿಯುವುದಿಲ್ಲ. ಇವರಿಗೆ ಭೂತ ಮೆಟ್ಟಿದೆಯೆಂದು ಹೆದರಿ ಬಾಗಿಲು ಬಡಿಯುತ್ತಾನೆ. ನಿರೂಪಕ ಹತ್ತಿರ ಬಂದು ಮನೆಮಾತಿನ ಫಾರಸಿಯಲ್ಲಿ ಎರಡು ಮಾತಾಡಿದ ಕೂಡಲೇ ಹುಡುಗನಿಗೆ ಹೋದ ಜೀವ ಬಂದಂತಾಗುತ್ತದೆ. ಸಂವಿಧಾನ ಬಂದು ಹದಿನೈದು ವರ್ಷ ಕಳೆದರೂ ದೇಶದ ಮೂರು ವರ್ಗಗಳ ನಡುವೆ ಸಾಮಾನ್ಯವಾದ ಒಂದು ಭಾಷೆಯೇ ಇಲ್ಲವೆಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಯಾವ ಇತಿಹಾಸ ಗ್ರಂಥವೂ ಹೇಳಲಾರದು. ಅನುವಾದದಲ್ಲಿ ಮೂವರೂ ಒಂದೇ ಹದದ ಇಂಗ್ಲಿಷ್ ಮಾತನಾಡಿಬಿಟ್ಟರೆ ಕತೆ ಬರಿಯ ಪ್ರಹಸನವಾಗಿ ಉಳಿಯುತ್ತದೆ. ಕನ್ನಡದಲ್ಲಾದರೆ ಶೇಖ್‌ರ ಅರಬ್ಬಿಯನ್ನು ಸಂಸ್ಕೃತಭೂಯಿಷ್ಠ ಕನ್ನಡಕ್ಕೂ ನಾಗರಿಕನ ಫ್ರೆಂಚನ್ನು ಇಂಗ್ಲಿಷ್ ಬೆರೆತ ಕನ್ನಡಕ್ಕೂ ಹೊಂದಿಸಲು ಮನಸ್ಸು ಎಳೆಯುತ್ತದೆ. ನಾನಾದರೆ ಎರಡನೆಯದನ್ನು ಮಾಡಿಯೇನು, ಮೊದಲನೆಯದನ್ನು ಮಾಡಲಾರೆ. ಶೇಖ್‌ರ ಬಾಯಲ್ಲಿ ಸಂಸ್ಕೃತ ಬಂದರೆ ಓದುಗರ ಕಣ್ಣಿಗೆ ಅಗ್ರಹಾರ ಕಟ್ಟುತ್ತದೆಯೇ ಹೊರತು ಮದರಸಾ ಕಟ್ಟುವುದಿಲ್ಲ. ಅರಬ್ಬಿ ನುಡಿಗಟ್ಟನ್ನೇ ಕನ್ನಡ ಲಿಪಿಯಲ್ಲಿ ಉಳಿಸಿ ರಮಜಾನ್‌ನ ಗಲಿಬಿಲಿಯನ್ನು ಓದುಗರಿಗೂ ಹಂಚುವುದು ಮೇಲು.

ಕನ್ನಡದ ಓದುಗರಿಗೆ ಫಾರಸಿಯ ಒಂದು ಮುಖ ಹಳೆಯ ಪರಿಚಯದ್ದು. ಫಿರ್ಯಾದಿ, ದಸ್ತಗಿರಿ, ಬಂದೋಬಸ್ತು, ದರ್ಖಾಸ್ತು, ಖಾನೇಷುಮಾರಿ, ದಫ್ತರು ಇವೆಲ್ಲ ಬಹಮನಿ ಮತ್ತು ಆದಿಲ್‌ಶಾಹಿ ಕಾಲದಿಂದ ಇಲ್ಲಿ ನೆಲೆಯೂರಿದ ಪದಗಳು. ಬೀದರಿನಲ್ಲಿ ಮದರಸಾ ಕಟ್ಟಿಸಿದ ಮಹಮೂದ್ ಗಾವಾನ್ ಕ್ಯಾಸ್ಪಿಯನ್ ತೀರದ ಗೀಲಾನ್‌ನವನು. ಮೈಸೂರಿನ ದಿವಾನರಾಗಿದ್ದ ಮಿರ್ಜಾ ಇಸ್ಮಾಯಿಲ್ ಅವರ ಅಜ್ಜ ಶಿರಾಜ್‌ನಿಂದ ಬೆಂಗಳೂರಿಗೆ ಬಂದ ಕುದುರೆ ವ್ಯಾಪಾರಿ. ಆದರೆ ಮೇಲಿನ ಪದಗಳನ್ನು ಇನ್ನೊಮ್ಮೆ ನೋಡಿ. ಹೆಚ್ಚುಕಡಿಮೆ ಎಲ್ಲವೂ ಕಚೇರಿಯವು. ನಮಗೆ ಬಂದದ್ದು ಅಧಿಕಾರದ ಫಾರಸಿ. ಅಡುಗೆಮನೆಯ, ಓಣಿಯ, ಹೆಂಗಸರ ಜಗಳದ, ಮಕ್ಕಳನ್ನು ಮುದ್ದಿಸುವ ಫಾರಸಿಯನ್ನು ಮೊದಲ ಬಾರಿಗೆ ಕೇಳಿಸಿಕೊಳ್ಳುವ ಅವಕಾಶ ನಮಗೆ ದೊರೆತಿರುವುದು ಈ ಸಣ್ಣಕತೆಗಳಲ್ಲಿ.

ಅದನ್ನು ಕೇಳಿಸಿಕೊಳ್ಳಲು ಕನ್ನಡಕ್ಕೆ ಇಂಗ್ಲಿಷಿಗಿಲ್ಲದ ಅನುಕೂಲಗಳಿವೆ. ಫಾರಸಿಯ ‘ತೊ’ ಮತ್ತು ‘ಶೊಮಾ’ ನಮ್ಮ ‘ನೀನು’ ಮತ್ತು ‘ನೀವು’ ಇದ್ದಂತೆಯೇ. ಹಳೆಯ ಮನೆಗಳಲ್ಲಿ ಹೆಂಡತಿ ಗಂಡನಿಗೆ ಬಹುವಚನ ಬಳಸುತ್ತಾಳೆ, ಗಂಡ ಏಕವಚನದಲ್ಲಿ ಉತ್ತರಿಸುತ್ತಾನೆ. ಎದುರಿಗಿಲ್ಲದ ಯಜಮಾನರ ಬಗ್ಗೆ ಆಳು ‘ಅವರು ಹೊರಟರು’ ಎಂದು ಗೌರವದ ಬಹುವಚನದಲ್ಲೇ ಹೇಳುತ್ತಾನೆ. ದೇವರನ್ನು ಮಾತ್ರ ಎಲ್ಲರೂ ‘ನೀನು’ ಎನ್ನುತ್ತಾರೆ. ಇಂಗ್ಲಿಷಿನಲ್ಲಿ ಇಷ್ಟೂ ಒಂದೇ ಸರ್ವನಾಮದಲ್ಲಿ ಕರಗಿಹೋಗುತ್ತದೆ. ಅವರ ಪ್ರೀತಿಯ ಮಾತೊಂದನ್ನು ಇಂಗ್ಲಿಷ್ ಅನುವಾದಕರು ‘ನಿನ್ನ ಸುತ್ತ ತಿರುಗುತ್ತೇನೆ’ ಎಂದು ಅಕ್ಷರಶಃ ಇಳಿಸಿದಾಗ ಅದು ವಿಚಿತ್ರವಾಗಿ ಕೇಳಿಸುತ್ತದೆ. ಎದುರಿನವರ ಕೇಡು ತನಗೆ ಬರಲೆಂದು ಅವರ ಸುತ್ತ ಸುಳಿಯುವ ಭಾವ ಅದು. ನಿವಾಳಿಸುವುದನ್ನು ಬಲ್ಲ ಕನ್ನಡದ ತಾಯಂದಿರಿಗೆ ಅದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಸಂಕಟದಲ್ಲಿ ಹೆಂಗಸರು ‘ನನ್ನ ತಲೆಗೆ ಮಣ್ಣು’ ಎನ್ನುವುದೂ ಹಾಗೆಯೇ.

ಬಂಧುವಾಚಕಗಳಲ್ಲಂತೂ ನಾವು ಇನ್ನೂ ಹತ್ತಿರ. ತಾಯಿಯ ಸೋದರ ‘ದಾಯಿ’, ತಂದೆಯ ಸೋದರ ‘ಅಮು’, ತಾಯಿಯ ಸೋದರಿ ‘ಖಾಲೆ’, ತಂದೆಯ ಸೋದರಿ ‘ಅಮ್ಮೆ’. ಇಂಗ್ಲಿಷಿಗೆ ಇವು ಎರಡೇ ಪದ. ಇರಾಜ್ ಪೆಜೆಶ್ಕ್‌ಜಾದ್‌ರ 1973ರ ಪ್ರಸಿದ್ಧ ವಿನೋದ ಕಾದಂಬರಿ ‘ದಾಯಿ ಜಾನ್ ನೆಪೋಲಿಯನ್’ನಲ್ಲಿ ಹುಡುಗ ಪ್ರೀತಿಸುವುದು ಸೋದರಮಾವನ ಮಗಳನ್ನು ಎಂದರೆ ನಮ್ಮ ಓದುಗರು ತಲೆಯಾಡಿಸಿ ಮುಂದೆ ಹೋಗುತ್ತಾರೆ. ಇಲ್ಲಿಯೇ ಒಂದು ಬಲೆಯೂ ಇದೆ. ‘ಅಮುವಿನ ಮಕ್ಕಳ ಮದುವೆ ಸ್ವರ್ಗದಲ್ಲೇ ನಿಶ್ಚಯವಾಗಿರುತ್ತದೆ’ ಎಂಬುದು ಇರಾನಿನ ಗಾದೆ, ಅಂದರೆ ಅಣ್ಣತಮ್ಮಂದಿರ ಮಕ್ಕಳ ನಡುವಿನ ಮದುವೆ ಅಲ್ಲಿ ಸಹಜವಾದದ್ದು. ಅದನ್ನು ‘ಚಿಕ್ಕಪ್ಪನ ಮಗಳನ್ನು ಮದುವೆಯಾದ’ ಎಂದು ಬರೆದ ಕ್ಷಣ ಕನ್ನಡದ ಹಲವು ಓದುಗರು ಬೆಚ್ಚುತ್ತಾರೆ, ಏಕೆಂದರೆ ಅವರ ಲೆಕ್ಕದಲ್ಲಿ ಆಕೆ ತಂಗಿ. ಇಂಥ ಕಡೆಗಳಲ್ಲಿ ‘ಅಮು’ ಎಂಬ ಪದವನ್ನೇ ಉಳಿಸಿಕೊಂಡು, ಕತೆಯ ಮೊದಲಲ್ಲೇ ಒಂದು ಸಾಲಿನಲ್ಲಿ ಸಂಬಂಧವನ್ನು ತಿಳಿಸಿಬಿಡುವುದು ಒಳ್ಳೆಯದು.

ಈಗ ಕತ್ತಲೆಯ ವಿಷಯಕ್ಕೆ ಬರೋಣ. ನೀವು ಓದಿದ ಸಂಕಲನಗಳಲ್ಲಿ ಸಾದೆಕ್ ಹೆದಾಯತ್ ಇದ್ದೇ ಇರುತ್ತಾರೆ. 1903ರಲ್ಲಿ ತೆಹರಾನಿನ ಉನ್ನತ ಮನೆತನದಲ್ಲಿ ಹುಟ್ಟಿದ ಅವರು 1936ರಲ್ಲಿ ಮುಂಬೈಗೆ ಬಂದು, ಪಾರ್ಸಿ ವಿದ್ವಾಂಸರ ಬಳಿ ಪ್ರಾಚೀನ ಪಹ್ಲವಿ ಭಾಷೆ ಕಲಿತರು. ‘ಕುರುಡು ಗೂಬೆ’ ಎಂಬ ಕಿರುಕಾದಂಬರಿಯ ಸುಮಾರು ಐವತ್ತು ಕಲ್ಲಚ್ಚಿನಂಥ ಕೈಪ್ರತಿಗಳನ್ನು, ಇರಾನಿನಲ್ಲಿ ಮಾರಾಟಕ್ಕಲ್ಲ ಎಂಬ ಸೂಚನೆಯೊಂದಿಗೆ, ಮುಂಬೈಯಲ್ಲಿಯೇ ತೆಗೆಸಿದರು. 1951ರಲ್ಲಿ ಪ್ಯಾರಿಸ್‌ನಲ್ಲಿ ತಮ್ಮ ಪ್ರಾಣವನ್ನು ತಾವೇ ಕಳೆದುಕೊಂಡರು. ಈ ಜೀವನಚರಿತ್ರೆಯ ನೆರಳು ಅವರ ಕತೆಗಳ ಮೇಲೆಲ್ಲ ಬಿದ್ದು, ಓದುಗರು ಅವುಗಳಲ್ಲಿ ನಿರಾಶೆಯನ್ನಷ್ಟೇ ಹುಡುಕುವಂತಾಗಿದೆ. ಆದರೆ 1930ರ ಸಂಕಲನದಲ್ಲಿರುವ ‘ಆಬ್ಜಿ ಖಾನಮ್’ ಎಂಬ ಕತೆಯನ್ನು ಮಾತಿನ ಕಡೆಯಿಂದ ಓದಿ ನೋಡಿ. ಅಂದವಿಲ್ಲದ ಅಕ್ಕ, ಚೆಲುವೆಯಾದ ತಂಗಿ. ತಂಗಿಗೆ ಮೊದಲು ಮದುವೆಯಾಗುತ್ತದೆ. ಆ ರಾತ್ರಿ ಅಕ್ಕ ಮನೆಯ ನೆಲಮಾಳಿಗೆಯ ನೀರಿನ ತೊಟ್ಟಿಯಲ್ಲಿ ಹೆಣವಾಗಿ ಸಿಗುತ್ತಾಳೆ. ತಂಗಿಗೆ ಮಾಹ್‌ರೊಖ್, ಅಂದರೆ ಚಂದ್ರಮುಖಿ, ಎಂಬ ಹೆಸರಿದೆ. ಅಕ್ಕನಿಗೆ ಹೆಸರೇ ಇಲ್ಲ. ‘ಆಬ್ಜಿ ಖಾನಮ್’ ಎಂದರೆ ‘ಅಕ್ಕಮ್ಮ’ ಎಂದಷ್ಟೇ ಅರ್ಥ. ಇಂಗ್ಲಿಷಿನಲ್ಲಿ ಅದು ಅಂಕಿತನಾಮದಂತೆ ಕಾಣಿಸಿಕೊಂಡು ಕುಳಿತಿರುವುದರಿಂದ, ಇನ್ನೊಬ್ಬಳಿಗೆ ಸಂಬಂಧಿಯಾಗಿ ಮಾತ್ರ ಬದುಕಿದ್ದ ಹೆಣ್ಣಿನ ಕತೆ ಇದೆಂಬುದು ಓದುಗರಿಗೆ ಹೊಳೆಯುವುದೇ ಇಲ್ಲ. ಅವಳ ಸಾವಿಗಿಂತ ಆ ಹೆಸರಿಲ್ಲದಿರುವಿಕೆ ಆ ಕಾಲದ ಸಮಾಜದ ಬಗ್ಗೆ ಹೆಚ್ಚು ಹೇಳುತ್ತದೆ ಎಂದು ನನಗನಿಸುತ್ತದೆ.

ಹೆದಾಯತ್‌ರ ಇನ್ನೊಂದು ಕತೆಯಲ್ಲಿ ಇರಾಕಿನ ಪುಣ್ಯಕ್ಷೇತ್ರ ಕರ್ಬಲಾಕ್ಕೆ ಯಾತ್ರೆ ಹೊರಟ ಹೆಂಗಸೊಬ್ಬಳು ತನ್ನ ಸವತಿಯ ಮಕ್ಕಳನ್ನು ಕೊಂದದ್ದನ್ನು ಅತ್ತು ಹೇಳಿಕೊಂಡಾಗ, ಜೊತೆಯವರು ತಮ್ಮ ತಮ್ಮ ಪಾತಕಗಳನ್ನೂ ಹೇಳಿ, ಯಾತ್ರೆ ಹೊರಟವರ ಪಾಪ ಕಳೆಯುತ್ತದೆಂದು ಅವಳಿಗೆ ಸಮಾಧಾನ ಹೇಳುತ್ತಾರೆ. ಇದನ್ನು ಓದಿ ಇರಾನಿನ ಯಾತ್ರಿಕರೆಲ್ಲ ಹೀಗೆಂದು ತಿಳಿಯುವುದು ಅನ್ಯಾಯ. ಮಡಿವಂತಿಕೆಯ ಮೇಲೆ ಕೋಪಗೊಂಡ, ಯುರೋಪಿನಲ್ಲಿ ಓದಿದ, ತೆಹರಾನಿನ ಬರಹಗಾರನ ಕಣ್ಣು ಅದು. ಫಾರಸಿ ಸಣ್ಣಕತೆಯನ್ನು ಕಟ್ಟಿದ ಮೊದಲ ಎರಡು ತಲೆಮಾರಿನ ಬಹುಪಾಲು ಲೇಖಕರು ಇದೇ ವರ್ಗದವರು, ಅನೇಕರು ಎಡಪಂಥದ ಒಲವುಳ್ಳವರು. ನಮಾಜಿನಲ್ಲಿ ನೆಮ್ಮದಿ ಕಂಡವರ, ಬಜಾರಿನಲ್ಲಿ ಚೆನ್ನಾಗಿ ವ್ಯಾಪಾರ ನಡೆಸುತ್ತಿದ್ದವರ ಒಳಬದುಕು ಅವರ ಕೈಗೆ ಅಷ್ಟಾಗಿ ಸಿಗಲಿಲ್ಲ. ಇದರ ಜೊತೆಗೆ ಸಂಕಲನಕಾರರ ಆಯ್ಕೆಯನ್ನೂ ಗಮನಿಸಬೇಕು. ಇಂಗ್ಲಿಷಿನ ಹೆಸರಾಂತ ಸಂಕಲನಗಳಲ್ಲಿ ಹಲವು 1979ರ ಕ್ರಾಂತಿಯ ಬೆನ್ನಿಗೇ, 1980ರಿಂದ 1990ರ ದಶಕದ ಆರಂಭದವರೆಗೆ ಬಂದವು. ಇಂಥ ಕ್ರಾಂತಿ ಏಕೆ ಆಯಿತೆಂದು ಅಮೆರಿಕದ ಓದುಗರು ಬೆರಗಾಗಿ ಕೇಳುತ್ತಿದ್ದ ಕಾಲದಲ್ಲಿ, ಆ ಪ್ರಶ್ನೆಗೆ ಉತ್ತರವಾಗಬಲ್ಲ ಕತೆಗಳು ಮುಂದೆ ಬಂದದ್ದು, ನಗಿಸುವ ಕತೆಗಳು ಹಿಂದೆ ಉಳಿದದ್ದು ಸಹಜವೇ.

ಇಷ್ಟು ಕಳೆದ ಮೇಲೂ ಉಳಿಯುವ ಕತ್ತಲೆ ನಿಜವಾದದ್ದು, ಅದನ್ನು ತೆಳುವಾಗಿಸಿ ಹೇಳಬಾರದು. ಬೊಜೊರ್ಗ್ ಅಲವಿ 1937ರಲ್ಲಿ ಸೆರೆಯಾದ ಎಡಪಂಥೀಯರ ‘ಐವತ್ತಮೂವರ’ ಗುಂಪಿನಲ್ಲಿದ್ದರು. 1941ರಲ್ಲಿ ಬ್ರಿಟಿಷ್ ಮತ್ತು ಸೋವಿಯತ್ ಪಡೆಗಳು ದೇಶವನ್ನು ಹೊಕ್ಕು ದೊರೆ ರೆಜಾ ಶಾ ಪದತ್ಯಾಗ ಮಾಡಿದ ನಂತರವೇ ಹೊರಬಂದರು. ಅವರ ಸೆರೆಮನೆಯ ಕತೆಗಳ ಪುಸ್ತಕಕ್ಕೆ ‘ಚಿಂದಿ ಕಾಗದಗಳು’ ಎಂಬರ್ಥದ ಹೆಸರಿರುವುದು ಅಲಂಕಾರಕ್ಕಲ್ಲ, ಸೆರೆಯಲ್ಲಿ ಕೈಗೆ ಸಿಕ್ಕ ಚೂರು ಕಾಗದಗಳ ಮೇಲೆ ಅವು ಮೊಳೆತವು. 1953ರಲ್ಲಿ ಪ್ರಧಾನಿ ಮೊಸದ್ದೆಕ್ ಸರ್ಕಾರವನ್ನು ಉರುಳಿಸಿದ ಮೇಲೆ ಅವರು ಪೂರ್ವ ಬರ್ಲಿನ್‌ನಲ್ಲೇ ನೆಲೆಸಬೇಕಾಯಿತು. ಕತೆಗಾರ ಗೊಲಾಂ ಹೊಸೇನ್ ಸಾಯೆದಿ 1974ರಲ್ಲಿ ರೆಜಾ ಶಾನ ಮಗ ಮೊಹಮ್ಮದ್ ರೆಜಾ ಶಾನ ಗುಪ್ತಪೊಲೀಸರ ಸೆರೆಯಲ್ಲಿ ನಲುಗಿದರು, ಕ್ರಾಂತಿಯ ನಂತರ ಪ್ಯಾರಿಸ್‌ಗೆ ಓಡಿಹೋಗಿ 1985ರಲ್ಲಿ ಅಲ್ಲಿಯೇ ತೀರಿಕೊಂಡರು. ಲೇಖಕಿ ಶಹರ್‌ನೂಶ್ ಪಾರ್ಸಿಪೂರ್ ಎರಡೂ ಆಳ್ವಿಕೆಗಳ ಸೆರೆಮನೆ ಕಂಡವರು. 1994ರಲ್ಲಿ 134 ಮಂದಿ ಲೇಖಕರು ಸೆನ್ಸಾರಿನ ವಿರುದ್ಧ ‘ನಾವು ಬರಹಗಾರರು’ ಎಂಬ ಬಹಿರಂಗ ಪತ್ರಕ್ಕೆ ಸಹಿ ಹಾಕಿದರು. 1998ರಲ್ಲಿ ಮೊಹಮ್ಮದ್ ಮೊಖ್ತಾರಿ ಮತ್ತು ಮೊಹಮ್ಮದ್ ಜಾಫರ್ ಪೂಯಂದೆ ಎಂಬ ಇಬ್ಬರು ಲೇಖಕ-ಅನುವಾದಕರನ್ನು ಕೆಲವೇ ದಿನಗಳ ಅಂತರದಲ್ಲಿ ಕೊಲ್ಲಲಾಯಿತು. ಬರೆಯುವುದಕ್ಕೆ ಇಂಥ ಬೆಲೆ ತೆರಬೇಕಾದ ಕಡೆ ಕತೆಗಳು ಬೆಳಕಿನಲ್ಲಿ ನಲಿಯುತ್ತಿಲ್ಲವೇಕೆಂದು ಕೇಳುವುದು ಕಷ್ಟ.

ಸೆನ್ಸಾರು ಲೇಖಕರನ್ನು ಮಾತ್ರವಲ್ಲ, ಓದುಗರನ್ನೂ ರೂಪಿಸಿತು. ಸಾದೆಕ್ ಚೂಬಕ್‌ರ 1949ರ ಕತೆಯೊಂದರಲ್ಲಿ, ಬೀದಿಯಾಟ ಆಡಿಸುವವನು ಓಕ್ ಮರದ ಬುಡದಲ್ಲಿ ಸತ್ತುಬಿದ್ದಿದ್ದಾನೆ. ಅವನ ಕೋತಿ ಗೂಟ ಕಿತ್ತುಕೊಂಡು ಹೊರಡುತ್ತದೆ, ಕೊರಳಿನ ಸರಪಳಿ ಮಾತ್ರ ಜೊತೆಗೇ ಎಳೆದುಬರುತ್ತದೆ. ಹೊರಗಿನ ಜಗತ್ತು ಅದನ್ನು ಹೊಡೆದಟ್ಟಿ, ಕೊನೆಗೆ ಅದು ಸತ್ತ ಒಡೆಯನ ಬಳಿಗೇ ಮರಳುತ್ತದೆ. ರೆಜಾ ಶಾ ಹೋದ ಮೇಲಿನ ಇರಾನ್ ಇದು ಎಂದು ಹಲವರು ಓದಿದ್ದಾರೆ. ಆ ಓದು ತಪ್ಪಲ್ಲ. ಆದರೂ ಆ ಕೋತಿಯ ಹಸಿವು, ನಶೆಯ ಹೊಗೆಗಾಗಿ ಅದರ ತಹತಹ, ಸರಪಳಿಯ ಸದ್ದಿಗೆ ಅದು ಪಡುವ ಹೆದರಿಕೆ ಇಷ್ಟು ನಿಖರವಾಗಿರುವಾಗ, ಅದನ್ನು ಬರಿಯ ರೂಪಕವೆಂದು ಬಿಡಿಸಿಟ್ಟರೆ ಕತೆಗೆ ಅನ್ಯಾಯವಾಗುತ್ತದೆ. ಅವರದೇ ‘ನ್ಯಾಯ’ ಎಂಬ ಎರಡು ಮೂರು ಪುಟದ ಕತೆಯಲ್ಲಿ ಕಾಲು ಮುರಿದುಕೊಂಡ ಗಾಡಿಯ ಕುದುರೆ ಚರಂಡಿಯಲ್ಲಿ ಬಿದ್ದಿದೆ; ಸುತ್ತ ನೆರೆದವರು ಒಬ್ಬೊಬ್ಬರೂ ಒಂದೊಂದು ಮಾತು ಹೇಳುತ್ತಾರೆ, ಯಾರೂ ಏನೂ ಮಾಡುವುದಿಲ್ಲ. ಆ ಕತೆಯಲ್ಲಿ ಘಟನೆಯೇ ಇಲ್ಲ, ಇರುವುದೆಲ್ಲ ಬೀದಿಯ ದನಿಗಳು. ಅನುವಾದ ಮಾಡಲು ಕೈ ಪಳಗಿಸಿಕೊಳ್ಳುವವರಿಗೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ತಿಳಿಯದು.

ಜಲಾಲ್ ಆಲೆ ಅಹ್ಮದ್‌ರ ಒಂದು ಕತೆಯ ಬಳಿ ತುಸು ಹೆಚ್ಚು ಹೊತ್ತು ನಿಲ್ಲುತ್ತೇನೆ, ಏಕೆಂದರೆ ನಿಮ್ಮ ಪ್ರಶ್ನೆಯಲ್ಲಿರುವ ದಿಕ್ಕಿಲ್ಲದ ಮಗು ಬಹುಶಃ ಅಲ್ಲಿಂದಲೇ ಬಂದಿರಬೇಕು. 1940ರ ದಶಕದ ‘ಬಚ್ಚೆಯೆ ಮರ್ದೊಮ್’ ಎಂಬ ಆ ಕತೆಯ ಹೆಸರನ್ನು ಇಂಗ್ಲಿಷಿನಲ್ಲಿ ‘ಇನ್ನೊಬ್ಬರ ಮಗು’ ಎಂಬರ್ಥ ಬರುವಂತೆ ಇಡುತ್ತಾರೆ. ಕನ್ನಡದಲ್ಲಿ ಅದಕ್ಕೆ ಹೇಳಿ ಮಾಡಿಸಿದ ಮಾತಿದೆ, ‘ಕಂಡವರ ಮಗು’. ಮೊದಲ ಗಂಡ ಬಿಟ್ಟ ಹೆಂಗಸೊಬ್ಬಳು ಎರಡನೆಯ ಮದುವೆಯಾಗಿದ್ದಾಳೆ. ಹೊಸ ಗಂಡ ಮೊದಲ ಮದುವೆಯ ಮೂರು ವರ್ಷದ ಮಗುವನ್ನು ಇಟ್ಟುಕೊಳ್ಳಲು ಒಪ್ಪುವುದಿಲ್ಲ. ತಾಯಿ ಮಗುವನ್ನು ಚೌಕಕ್ಕೆ ಕರೆದೊಯ್ದು, ಕೈಗೆ ಚಿಲ್ಲರೆ ಕೊಟ್ಟು ತಿಂಡಿಗೆಂದು ರಸ್ತೆಯಾಚೆ ಕಳಿಸಿ, ಟ್ಯಾಕ್ಸಿ ಹತ್ತಿ ಹೋಗಿಬಿಡುತ್ತಾಳೆ. ಇದನ್ನೆಲ್ಲ ಅವಳೇ ನೆರೆಮನೆಯವಳಿಗೆ ಹೇಳುವ ಧಾಟಿಯಲ್ಲಿ ಹೇಳುತ್ತಾಳೆ: ನಾನೇನು ಮಾಡಲಿಕ್ಕಾಗುತ್ತಿತ್ತು, ನನ್ನ ಜಾಗದಲ್ಲಿ ಯಾರಿದ್ದರೂ ಇದನ್ನೇ ಮಾಡುತ್ತಿದ್ದರು. ಬಿಡಲು ಹೊರಟ ಮಗುವಿಗೆ ಹೊಸ ಬಟ್ಟೆ ತೊಡಿಸಲೋ ಬೇಡವೋ ಎಂದು ಅವಳು ಲೆಕ್ಕ ಹಾಕಿದ್ದಳು. ಕತೆ ಮುಗಿಯುವುದು ಅಳುವಿನಲ್ಲಲ್ಲ, ಆ ರಾತ್ರಿ ಟ್ಯಾಕ್ಸಿಯ ದುಡ್ಡನ್ನು ಗಂಡನಿಂದ ವಸೂಲು ಮಾಡಲಾಗಲಿಲ್ಲ ಎಂಬ ಮಾತಿನಲ್ಲಿ.

ಇಂಗ್ಲಿಷಿನಲ್ಲಿ ಆ ಕೊನೆಯ ಸಾಲು ಕಟುಕಳೊಬ್ಬಳ ಮಾತಿನಂತೆ ಕೇಳುತ್ತದೆ, ಓದುಗರು ಆ ಹೆಂಗಸನ್ನು ಶಪಿಸಿ ಪುಸ್ತಕ ಮುಚ್ಚುತ್ತಾರೆ. ಫಾರಸಿಯಲ್ಲಿ ಅವಳದು ಓಣಿಯ ಆಡುಮಾತು. ವಾಕ್ಯಗಳು ಹಿಂದಕ್ಕೆ ಮುಂದಕ್ಕೆ ಓಡಾಡುತ್ತವೆ, ಹೇಳಿದ್ದನ್ನೇ ಮತ್ತೆ ಹೇಳುತ್ತಾಳೆ, ಕೇಳದ ಆರೋಪಕ್ಕೆ ಉತ್ತರ ಕೊಡುತ್ತಾಳೆ. ತನ್ನ ಕೈಯಲ್ಲಿ ಕಾಸೂ ಇಲ್ಲದ, ಗಂಡ ಹೊರಹಾಕಿದರೆ ಹೋಗಲು ಮನೆಯಿಲ್ಲದ ಹೆಣ್ಣಿಗೆ ಟ್ಯಾಕ್ಸಿಯ ದುಡ್ಡು ಚಿಕ್ಕ ವಿಷಯವಲ್ಲ. ಅದೊಂದೇ ಅವಳು ಬಾಯಿಬಿಟ್ಟು ದುಃಖಿಸಬಹುದಾದ ನಷ್ಟ. ಗ್ರಾಂಥಿಕ ಕನ್ನಡದಲ್ಲಿ ಬರೆದರೆ ಇದು ಸತ್ತುಹೋಗುತ್ತದೆ. ‘ಮಾಡುತ್ತೇನೆ’ ಮತ್ತು ‘ಮಾಡ್ತೀನಿ’ಗಳ ನಡುವೆ ನಮಗಿರುವ ಅಂತರವೇ ಬರೆಯುವ ಫಾರಸಿಗೂ ಆಡುವ ಫಾರಸಿಗೂ ಇದೆ, ಅದನ್ನು ಧೈರ್ಯವಾಗಿ ಬಳಸಿಕೊಳ್ಳಿ. ಒಂದು ಎಚ್ಚರಿಕೆ: ಮಾತನ್ನು ಆಡುಮಾತಿನ ಮಟ್ಟಕ್ಕೆ ಇಳಿಸಿ, ಆದರೆ ಒಂದು ಊರಿಗೆ ಕಟ್ಟಿಹಾಕಬೇಡಿ. ತೆಹರಾನಿನ ತಾಯಿ ಧಾರವಾಡದ ಕನ್ನಡದಲ್ಲೋ ಪರ್ಶಿಯನ್ ಕೊಲ್ಲಿಯ ತೀರದ ಬುಶೆಹ್ರ್‌ನ ಬೆಸ್ತರು ಕುಂದಾಪುರದ ಕನ್ನಡದಲ್ಲೋ ಮಾತನಾಡತೊಡಗಿದರೆ ಅವರು ಇರಾನಿನಲ್ಲಿ ಉಳಿಯುವುದಿಲ್ಲ.

ಆಲೆ ಅಹ್ಮದ್‌ರ ‘ಶುಭ ಸಮಾರಂಭ’ ಎಂಬ ಕತೆಗೆ ಹಿನ್ನೆಲೆ ತಿಳಿದಿರಬೇಕು. 1936ರ ಜನವರಿಯಲ್ಲಿ ರೆಜಾ ಶಾ, ತಲೆಯಿಂದ ಪಾದದವರೆಗೆ ಮೈಮುಚ್ಚುವ ಚಾದರವನ್ನು ಹೆಂಗಸರು ತೊಡುವುದನ್ನೇ ನಿಷೇಧಿಸಿದ. ಪೊಲೀಸರು ಬೀದಿಯಲ್ಲಿ ಚಾದರ ಕಿತ್ತುಕೊಳ್ಳುತ್ತಿದ್ದರು, ಎಷ್ಟೋ ಹೆಂಗಸರು ಮನೆಯಿಂದ ಹೊರಗೆ ಬರುವುದನ್ನೇ ಬಿಟ್ಟರು. ಕತೆಯಲ್ಲಿ ಧರ್ಮಗುರುವೊಬ್ಬರಿಗೆ, ‘ಪತ್ನೀಸಮೇತ’ ಸರ್ಕಾರಿ ಸಮಾರಂಭಕ್ಕೆ ಬರಬೇಕೆಂಬ ಆಮಂತ್ರಣ ಬರುತ್ತದೆ. ಹೆಂಡತಿಯನ್ನು ಮುಸುಕಿಲ್ಲದೆ ಒಯ್ಯಲಾರರು, ಹೋಗದೆಯೂ ಇರಲಾರರು. ಕೊನೆಗೆ ಆ ಹೊತ್ತಿನ ಮಟ್ಟಿಗೆ ಸೇನಾಧಿಕಾರಿಯೊಬ್ಬರ ಮಗಳೊಂದಿಗೆ ತಾತ್ಕಾಲಿಕ ಮದುವೆಯ ಏರ್ಪಾಟಾಗುತ್ತದೆ. ಇದನ್ನೆಲ್ಲ ನಮಗೆ ಹೇಳುವವನು ಆ ಮನೆಯ ಹುಡುಗ, ಓಡಾಡಿ ಕೆಲಸ ಮಾಡುತ್ತ, ದೊಡ್ಡವರ ಮಾತನ್ನು ಅರ್ಧಂಬರ್ಧ ಕೇಳಿಸಿಕೊಂಡವನು. ಕ್ರಾಂತಿಯ ನಂತರ, 1983ರ ಹೊತ್ತಿಗೆ, ಅದೇ ದೇಶದಲ್ಲಿ ತಲೆ ಮುಚ್ಚಿಕೊಳ್ಳದಿರುವುದು ಶಿಕ್ಷಾರ್ಹವಾಯಿತು. ಈ ಎರಡು ಆಜ್ಞೆಗಳನ್ನೂ ಒಂದೇ ಬದುಕಿನಲ್ಲಿ ಕಂಡ ಹೆಂಗಸರಿದ್ದರು. ಇರಾನನ್ನು ಕೇವಲ ‘ಆಧುನಿಕತೆ ಮತ್ತು ಸಂಪ್ರದಾಯಗಳ ಸಂಘರ್ಷ’ ಎಂದು ವಿವರಿಸುವವರಿಗೆ ನಾನು ಈ ಕತೆಯನ್ನೇ ತೋರಿಸುತ್ತೇನೆ. ಅದರಲ್ಲಿ ಆ ಹುಡುಗನ ತಾಯಿಯನ್ನು ಯಾರೂ ಏನೂ ಕೇಳುವುದಿಲ್ಲ.

ಸಾಯೆದಿಯ ಇರಾನ್ ಬೇರೆಯದು. ವೃತ್ತಿಯಲ್ಲಿ ಮನೋವೈದ್ಯರಾಗಿದ್ದ ಅವರು ತಬ್ರೀಜ್‌ನ ತುರ್ಕಿ ಮನೆಮಾತಿನವರು. ಹಳ್ಳಿಗಳನ್ನೂ ಕೊಲ್ಲಿಯ ತೀರವನ್ನೂ ಸುತ್ತಿ ಅಲ್ಲಿನ ಬದುಕು, ನಂಬಿಕೆಗಳ ಬಗ್ಗೆ ಅಧ್ಯಯನಗಳನ್ನೇ ಬರೆದವರು. 1964ರ ‘ಬಯಲ್‌ನ ಶೋಕಾರ್ತರು’ ಒಂದೇ ಹಳ್ಳಿಯ ಎಂಟು ಕತೆಗಳ ಸರಣಿ. ಅದರ ಒಂದು ಕತೆಯಲ್ಲಿ ಮಶ್ ಹಸನ್ ಎಂಬಾತ ತನ್ನ ಹಸು ಸತ್ತ ಮೇಲೆ ತಾನೇ ಹಸುವಾಗಿಬಿಡುತ್ತಾನೆ. ದಾರಿಯುಷ್ ಮೆಹರ್‌ಜುಯಿ 1969ರಲ್ಲಿ ಇದನ್ನು ‘ಗಾವ್’ ಎಂಬ ಚಿತ್ರವಾಗಿಸಿದರು. ‘ಮಶ್’ ಎಂಬುದು ‘ಮಶ್ಹದಿ’ಯ ಹ್ರಸ್ವರೂಪ, ಅಂದರೆ ಮಶ್ಹದ್ ಯಾತ್ರೆ ಮಾಡಿ ಬಂದವನು. ಮೆಕ್ಕಾಗೆ ಹೋಗಿಬಂದವರು ಹಾಜಿ, ಕರ್ಬಲಾಕ್ಕೆ ಹೋದವರು ಕರ್ಬಲಾಯಿ, ದೇಶದೊಳಗೇ ಇರುವ ಮಶ್ಹದ್‌ನಷ್ಟೇ ಕಂಡವರು ಮಶ್ಹದಿ. ಹೆಸರಿನ ಮುಂದಿನ ಈ ಒಂದು ಪದದಿಂದ ಒಬ್ಬರ ಭಕ್ತಿಯಷ್ಟೇ ಅಲ್ಲ, ಅವರ ಕೈಯಲ್ಲಿ ಎಷ್ಟು ಹಣವಿತ್ತೆಂಬುದೂ ಹಳ್ಳಿಗೆ ತಿಳಿಯುತ್ತಿತ್ತು. ಅನುವಾದಕರು ಅದನ್ನು ಬಿಟ್ಟು ‘ಹಸನ್’ ಎಂದಷ್ಟೇ ಬರೆದರೆ, ಬಯಲ್ ಎಂಬ ಹಳ್ಳಿಯ ಬಡತನದ ಅಳತೆಗೋಲೇ ಕಳೆದುಹೋಗುತ್ತದೆ.

ಹೆಂಗಸರು ಬರೆಯತೊಡಗಿದ ಮೇಲೆ ಈ ಲೋಕದ ಬೆಳಕು ಬದಲಾಗುತ್ತದೆ. ಸಿಮಿನ್ ದಾನೇಶ್ವರ್ ಅವರ 1948ರ ಸಂಕಲನವನ್ನು ಇರಾನಿನ ಮಹಿಳೆಯೊಬ್ಬರ ಮೊದಲ ಕಥಾಸಂಕಲನವೆಂದು ಗುರುತಿಸುತ್ತಾರೆ. ಅವರ ‘ಸ್ವರ್ಗದಂಥ ನಗರ’ದಲ್ಲಿ ನಾಯಕಿ ಮೆಹ್ರಂಗೀಜ್ ಆಫ್ರಿಕಾ ಮೂಲದ ಮನೆಗೆಲಸದಾಕೆ, ಇರಾನಿನಲ್ಲಿ ಗುಲಾಮರ ವಂಶದವರು ಇದ್ದರೆಂಬುದನ್ನು ಎಷ್ಟೋ ಓದುಗರು ಮೊದಲು ಅರಿಯುವುದೇ ಇಲ್ಲಿ. ಕ್ರಾಂತಿಯ ನಂತರ, ಎಂಟು ವರ್ಷದ ಇರಾಕ್ ಯುದ್ಧ ಮುಗಿಯುವ ಹೊತ್ತಿಗೆ, ಬರೆಯುವ ಹೆಂಗಸರ ದೊಡ್ಡ ತಲೆಮಾರೇ ಕಾಣಿಸಿಕೊಂಡಿತು. ಬುಶೆಹ್ರ್ ಬಳಿಯ ಬೆಸ್ತರ ಹಳ್ಳಿಯಿಂದ ಬಂದ ಮೊನೀರು ರವಾನಿಪೂರ್ ಕಡಲಿನ ದಂತಕತೆಗಳನ್ನು ತಂದರು. ಅಬಾದಾನ್‌ನ ಅರ್ಮೇನಿಯನ್ ಮನೆತನದ ಜೋಯಾ ಪೀರ್‌ಜಾದ್ 1991ರ ಸಂಕಲನದಲ್ಲಿ ಕಿಟಕಿ, ಅಡುಗೆಮನೆ, ಸಂಜೆಯ ಹೊತ್ತುಗಳನ್ನು ಕೆಲವೇ ಪುಟಗಳ ಕತೆಗಳಾಗಿಸಿದರು. ‘ಇರಾನ್ ಇಷ್ಟು ಕತ್ತಲೆಯೇ’ ಎಂದು ಕೇಳುವವರು ಪೀರ್‌ಜಾದ್‌ರನ್ನು ಓದಲೇಬೇಕು. ಅಲ್ಲಿ ಯಾರೂ ಸಾಯುವುದಿಲ್ಲವೆಂದಲ್ಲ, ಸೊಪ್ಪು ಬಿಡಿಸುವುದೂ ಬದುಕಿನ ಭಾಗವೇ ಎಂದು ಅವರಿಗೆ ಗೊತ್ತು.

ಅನುವಾದಕ್ಕೆ ಕೂರುವಾಗ ಎದುರಾಗುವ ಎರಡು ತೊಡಕುಗಳನ್ನು ಹೇಳಿಬಿಡುತ್ತೇನೆ. ಫಾರಸಿಯಲ್ಲಿ ಲಿಂಗಭೇದದ ಸರ್ವನಾಮವಿಲ್ಲ. ‘ಊ’ ಎಂದರೆ ಅವನೂ ಹೌದು, ಅವಳೂ ಹೌದು, ಕ್ರಿಯಾಪದವೂ ಗುಟ್ಟು ಬಿಡುವುದಿಲ್ಲ. ಕೆಲವು ಕತೆಗಳು ಈ ಮುಸುಕನ್ನು ಬೇಕೆಂದೇ ಬಳಸಿಕೊಳ್ಳುತ್ತವೆ. ಕನ್ನಡದ ಕ್ರಿಯಾಪದ ಮೊದಲ ವಾಕ್ಯದಲ್ಲೇ ಎಲ್ಲವನ್ನೂ ಹೇಳಿಬಿಡುತ್ತದೆ. ಆದ್ದರಿಂದ ಅಂಥ ಕಡೆ ‘ಬಂದದ್ದು’, ‘ಹೇಳಿದ್ದು’ ಎಂಬ ರೂಪಗಳನ್ನೋ ಗೌರವದ ‘ಅವರು’ ಎಂಬುದನ್ನೋ ಆಶ್ರಯಿಸಬೇಕು. ಎರಡನೆಯದು, ಇಂಗ್ಲಿಷಿನ ಮೂಲಕ ಬರುವ ಹೆಸರುಗಳು ಮತ್ತು ವಸ್ತುಗಳು. ಫಾರಸಿಯ ದ, ತ ಎರಡೂ ನಮ್ಮ ದಂತ್ಯಗಳೇ, ಹಾಗಾಗಿ ಅವರು ಹೆದಾಯತ್, ‘ಹೆಡಾಯತ್’ ಅಲ್ಲ. ಶಿರಾಜ್‌ನಲ್ಲಿ ನಡೆಯುವ ಅವರ ಹೆಸರಾಂತ ಕತೆ ‘ದಾಶ್ ಆಕೊಲ್’, ‘ಡ್ಯಾಶ್’ ಅಲ್ಲ. ಚಳಿಗಾಲದ ಕತೆಗಳಲ್ಲಿ ಬರುವ ‘ಕೊರ್ಸಿ’ ನಮ್ಮ ಕುರ್ಚಿಯ ಒಡಹುಟ್ಟಿದ ಪದವಾದರೂ ಕೂರುವ ವಸ್ತುವಲ್ಲ. ಕೆಂಡದ ಬೋಗುಣಿಯ ಮೇಲಿಟ್ಟು ದಪ್ಪ ರಜಾಯಿ ಹೊದಿಸಿದ ತಗ್ಗು ಮೇಜು ಅದು. ಮನೆಯವರೆಲ್ಲ ಅದರೊಳಗೆ ಕಾಲಿಟ್ಟುಕೊಂಡು ಸುತ್ತ ಕೂರುತ್ತಾರೆ, ಮೇಲಿನ ಬದಿ ಹಿರಿಯರದು.

ಎಲ್ಲಿಂದ ಆರಂಭಿಸಬೇಕೆಂದು ಕೇಳಿದ್ದೀರಿ. ಫಾರಸಿ ಬಾರದಿದ್ದರೆ, ಒಂದೇ ಕತೆಯ ಎರಡು ಇಂಗ್ಲಿಷ್ ಅನುವಾದಗಳು ಸಿಗುವಂಥದ್ದನ್ನೇ ಆರಿಸಿಕೊಳ್ಳಿ. ಎರಡೂ ಬೇರೆಯಾಗುವ ಜಾಗದಲ್ಲೇ ಮೂಲದ ಕಷ್ಟ ಅಡಗಿರುತ್ತದೆ. ಆಮೇಲೆ ಫಾರಸಿ ಬಲ್ಲವರೊಬ್ಬರನ್ನು ಕೂರಿಸಿಕೊಂಡು ಮೂಲವನ್ನು ಗಟ್ಟಿಯಾಗಿ ಓದಿಸಿ, ಯಾವ ಮಾತು ‘ನೀನು’, ಯಾವುದು ‘ನೀವು’ ಎಂಬುದನ್ನಷ್ಟೇ ಮೊದಲು ಗುರುತು ಹಾಕಿಕೊಳ್ಳಿ. ಚೂಬಕ್‌ರ ‘ನ್ಯಾಯ’ದಿಂದ ಹೊರಟು, ‘ಕಂಡವರ ಮಗು’ವಿಗೆ ಹೋಗಿ, ಅಲ್ಲಿಂದ ದಾನೇಶ್ವರ್ ಅವರ ‘ಯಾರಿಗೆ ನಮಸ್ಕಾರ ಹೇಳಲಿ’ ಎಂಬ ಕತೆಗೆ ಬನ್ನಿ. 1980ರ ಸಂಕಲನದ್ದಾದ ಅದು ಹಿಮ ಬಿದ್ದ ತೆಹರಾನಿನಲ್ಲಿ ಒಂಟಿಯಾಗಿ ಬದುಕುವ ಕೋಕಬ್ ಸುಲ್ತಾನ್ ಎಂಬ ಮುದುಕಿಯ ಮಾತುಗಳು. ಮಗಳನ್ನು ಗೋಳು ಹೊಯ್ದುಕೊಳ್ಳುವ ಅಳಿಯ, ಕೈಬಿಟ್ಟುಹೋದ ಹಳೆಯ ದಿನಗಳು, ಏರಿದ ಬೆಲೆ ಎಲ್ಲವನ್ನೂ ಅವಳು ಬೈಯುತ್ತಾಳೆ, ನಡುನಡುವೆ ಪ್ರೀತಿಯಿಂದ ನೆನೆಯುತ್ತಾಳೆ. ಹೊರಗೆ ಹೊರಟಾಗ ಹಿಮದಲ್ಲಿ ಜಾರಿ ಬೀಳುತ್ತಾಳೆ, ಆಗ ಗುರುತಿಲ್ಲದ ಕೈಗಳು ಅವಳನ್ನು ಎತ್ತುತ್ತವೆ. ಆ ಅಪರಿಚಿತರು ಅವಳೊಂದಿಗೆ ಯಾವ ಸರ್ವನಾಮದಲ್ಲಿ ಮಾತನಾಡುತ್ತಾರೆಂಬುದನ್ನು ಕೇಳಿಸಿಕೊಂಡ ಮೇಲೆ ನಿಮ್ಮ ಕನ್ನಡದ ಮೊದಲ ವಾಕ್ಯವನ್ನು ಬರೆಯಿರಿ.